ನಳಿಗೆಯಲ್ಲಿ ಗೂಡು ಕಟ್ಟಿದ ಕುಂಬಾರ ಹುಳು

ಚುನಾವಣೆ ಘೋಷಣೆಯಾದ ಹಿಂದೆಯೇ ಹಳ್ಳಿಗಳಿಗೆ ಪೊಲೀಸ್ ಠಾಣೆಯಿಂದ ಹೇಳಿಕೆ ಬರುತ್ತದೆ: ಲೈಸೆನ್ಸ್ ಬಂದೂಕು ಇರುವವರು ತಂದು ಒಪ್ಪಿಸಿ. ತುಮಕೂರು ಜಿಲ್ಲೆಯ ದೇವರಾಯನದುರ್ಗ ಬೆಟ್ಟದ ಬುಡದ ಊರುಗಳಿಗೂ ಗುಬ್ಬಿ, ಕುಣಿಗಲ್ ಕಡೆಯ ರೈತರಿಗೂ ಇದು ಹೊಸದೇನಲ್ಲ. ಬೆಳೆ ಕಾಯಲೆಂದು ಅಪ್ಪನ ಕಾಲದಲ್ಲಿ ಪಡೆದದ್ದನ್ನು ಗೋಣಿತಾಟಿನಲ್ಲಿ ಸುತ್ತಿ ಒಯ್ಯುತ್ತಾರೆ, ರಸೀತಿ ಪಡೆಯುತ್ತಾರೆ, ಮತ ಎಣಿಕೆ ಮುಗಿದ ಮೇಲೆ ವಾಪಸು ತಂದು ಮೊದಲಿನ ಮೂಲೆಯಲ್ಲೇ ನಿಲ್ಲಿಸುತ್ತಾರೆ. ಮತ್ತೆ ಅದು ಹೊರಗೆ ಬರುವುದು ಆಯುಧ ಪೂಜೆಯ ಹಿಂದಿನ ದಿನ. ಆಗ ನಳಿಗೆಯ ಬಾಯಿಗೆ ಕಣ್ಣಿಟ್ಟು ನೋಡಲು ಹೋದರೆ ಆ ಕಡೆಯ ಬೆಳಕೇ ಕಾಣುವುದಿಲ್ಲ. ಒಳಗೆ ಕುಂಬಾರ ಹುಳು ಹಸಿಮಣ್ಣು ತಂದು, ಮರಿಗಳಿಗೆ ಬೇಕಾದ ಜೇಡಗಳನ್ನೂ ತುಂಬಿ, ಅಚ್ಚುಕಟ್ಟಾಗಿ ಗೂಡು ಕಟ್ಟಿ ಮುಗಿಸಿರುತ್ತದೆ.

ಈ ಚಿತ್ರದಲ್ಲಿ ಎರಡು ತಪ್ಪುಗಳಿವೆ. ಒಂದು, ಗೂಡು. ಅದನ್ನು ತೆಗೆಯದೆ ಹಾರಿಸಿದರೆ ಗುಂಡಿನ ಹಿಂದಿನ ಅನಿಲಕ್ಕೆ ದಾರಿ ಸಿಗದೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಇನ್ನೊಂದು ಇದಕ್ಕಿಂತ ದೊಡ್ಡದು: ಬಂದೂಕು ಖಾಲಿ ಎಂದು ಖಚಿತ ಮಾಡಿಕೊಳ್ಳುವ ಮೊದಲೇ ನಳಿಗೆಯ ಬಾಯಿಗೆ ಕಣ್ಣಿಟ್ಟದ್ದು.

ತುಮಕೂರು ಕಡೆ ಬಂದೂಕು, ತೆಲುಗು ಬೆರೆತ ಪಾವಗಡದ ಕಡೆ ತುಪಾಕಿ, ಮಲೆನಾಡಿನಲ್ಲಿ ಕೋವಿ, ಕೊಡಗಿನಲ್ಲಿ ತೋಕ್. ಹೆಸರು ಯಾವುದಾದರೂ ಅದನ್ನು ಒರೆಸುವ ಕೆಲಸ ಕೈಯಿಂದ ಶುರುವಾಗಬೇಕು, ಎಣ್ಣೆಯಿಂದಲ್ಲ. ಬಾಯಿಯನ್ನು ಜನ, ಜಾನುವಾರು ಇಲ್ಲದ ಕಡೆಗೆ ತಿರುಗಿಸಬೇಕು, ಬೆರಳನ್ನು ಟ್ರಿಗರ್‌ನಿಂದ ದೂರ ಇಡಬೇಕು. ತೋಟ (ಕಾರ್ಟ್ರಿಡ್ಜ್) ತುಂಬುವ ಮ್ಯಾಗಜಿನ್ ಇದ್ದರೆ ಮೊದಲು ಅದನ್ನು ಕಳಚಿ, ಆಮೇಲೆ ಬೋಲ್ಟ್ ಎಳೆಯಬೇಕು. ಈ ಕ್ರಮ ತಿರುವುಮುರುವಾದರೆ ಬೋಲ್ಟ್ ಎಳೆದಾಗ ಒಂದು ತೋಟ ಹೊರಬಿದ್ದದ್ದನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತೇವೆ. ಬೋಲ್ಟನ್ನು ಮುಂದಕ್ಕೆ ಬಿಟ್ಟಾಗ ಮ್ಯಾಗಜಿನ್‌ನಿಂದ ಇನ್ನೊಂದು ಸದ್ದಿಲ್ಲದೆ ಒಳಸೇರುತ್ತದೆ. ತೋಟ ಕೂರುವ ಕೋಣೆಯನ್ನು ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿ ಮುಟ್ಟಿಯೂ ನೋಡಬೇಕು. ಕತ್ತಲಲ್ಲಿ ಕಣ್ಣು ಮೋಸಹೋದರೂ ಬೆರಳು ಹೋಗುವುದಿಲ್ಲ. ಸಿಕ್ಕ ತೋಟಗಳೆಲ್ಲ ಬೇರೆ ಕೋಣೆಗೆ ಹೋಗಬೇಕು, ಒರೆಸುವ ಮೇಜಿನ ಮೇಲೆ ಒಂದೂ ಇರಬಾರದು.

ಕೇಪಿನ ಬಂದೂಕಿನ ಕತೆ ಇನ್ನೂ ಕಷ್ಟ. ಅದಕ್ಕೆ ಮದ್ದು, ಚರೆ ಎಲ್ಲವನ್ನೂ ಬಾಯಿಯಿಂದಲೇ ಗಿಡಿಯುವುದರಿಂದ ಹಿಂದಿನಿಂದ ತೆರೆದು ನೋಡುವ ಹಾಗಿಲ್ಲ. ಕೇಪು ತೆಗೆದ ಮಾತ್ರಕ್ಕೆ ಅದು ಖಾಲಿಯಲ್ಲ. ಅಜ್ಜ ಗಿಡಿದಿಟ್ಟ ಮದ್ದು ಒಣಗಿದ್ದರೆ ಮೊಮ್ಮಗನ ಕಾಲಕ್ಕೂ ಹೊತ್ತಿಕೊಳ್ಳುತ್ತದೆ. ಇದಕ್ಕೆ ಹಳಬರ ಉಪಾಯ ಒಂದಿದೆ. ಮದ್ದು ಗಿಡಿಯುವ ಕಡ್ಡಿಯಾದ ಗಜವನ್ನು ನಳಿಗೆಯ ತಳ ಮುಟ್ಟುವ ತನಕ ಇಳಿಸಿ, ಬಾಯಿಯ ಮಟ್ಟದಲ್ಲಿ ಉಗುರಿನಿಂದ ಗುರುತು ಹಿಡಿಯುವುದು. ಆಮೇಲೆ ಅದೇ ಗಜವನ್ನು ನಳಿಗೆಯ ಹೊರಮೈಗೆ ಹಿಡಿದು, ಉಗುರಿನ ಗುರುತನ್ನು ಬಾಯಿಗೆ ಸರಿಹೊಂದಿಸಿ ನೋಡುವುದು. ತುದಿ ಕೇಪಿನ ಮೊಳೆಯ ಹತ್ತಿರಕ್ಕೆ ಬಂದರೆ ಖಾಲಿ. ಎರಡು ಮೂರು ಬೆರಳು ಮೇಲೆಯೇ ನಿಂತರೆ ಒಳಗೆ ಈಡು ಇದೆ ಎಂದರ್ಥ. ಗಜ ಇಳಿಸುವಾಗ ಅಂಗೈಯಾಗಲಿ ಮುಖವಾಗಲಿ ಅದರ ನೇರಕ್ಕೆ ಬರಬಾರದು. ಒಳಗೆ ಈಡು ಇರುವುದು ಗೊತ್ತಾದರೆ ಅಲ್ಲಿಗೆ ಕೈ ಬಿಟ್ಟು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಬಳಿ ಒಯ್ಯುವುದೇ ಸರಿ. ಕಬ್ಬಿಣದ ಸರಳು ಹಾಕಿ ಕೆದಕಲು ಹೋಗುವುದು ಸಾವನ್ನು ಕರೆದ ಹಾಗೆ.

ದೇವರಾಯನದುರ್ಗಕ್ಕೂ ರೈಫಲ್ಲಿಗೂ ಪುಸ್ತಕದಲ್ಲಿ ಉಳಿದ ನಂಟೊಂದಿದೆ. ಬೆಂಗಳೂರಿನಲ್ಲಿದ್ದ ಬೇಟೆಗಾರ, ಲೇಖಕ ಕೆನೆತ್ ಆ್ಯಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ದೇವರಾಯನದುರ್ಗದ ಹುಲಿಯ ಮೇಲೇ ಒಂದು ಅಧ್ಯಾಯವಿದೆ. ಪೂರ್ಣಚಂದ್ರ ತೇಜಸ್ವಿಯವರ ಕಾಡಿನ ಕತೆಗಳಿಂದಾಗಿ ಆ್ಯಂಡರ್ಸನ್ ಕನ್ನಡ ಓದುಗರಿಗೆ ಮನೆಯವನೇ ಆಗಿಬಿಟ್ಟಿದ್ದಾನೆ. ಈಗ ಬೆಟ್ಟದಲ್ಲಿ ಚಿರತೆ, ಕರಡಿ ಇವೆ. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಚಿರತೆ ದಾಳಿಗೆ ಮಕ್ಕಳು, ಹಿರಿಯರು ಬಲಿಯಾದದ್ದು ಇಲ್ಲಿನವರಿಗೆ ಮರೆತಿಲ್ಲ. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೆಳೆ ಕಾಯುವ ಬಂದೂಕು ಬೇಟೆಯ ಬಂದೂಕಲ್ಲ.

ಆ್ಯಂಡರ್ಸನ್ ಹಿಡಿಯುತ್ತಿದ್ದದ್ದು .405 ವಿಂಚೆಸ್ಟರ್, 1895ರ ಮಾದರಿ. ಟ್ರಿಗರ್ ಸುತ್ತಲಿನ ಸನ್ನೆಯನ್ನು ಕೆಳಕ್ಕೆ ಎಳೆದು ತೋಟ ಬದಲಿಸುವ ಜಾತಿಯದು. ಒರೆಸುವವರಿಗೆ ಅದರಲ್ಲೊಂದು ತಲೆನೋವು: ಬೋಲ್ಟನ್ನು ಹಿಂದಕ್ಕೆ ಕಳಚಿ ತೆಗೆದು ಒರೆಸುವ ಕಡ್ಡಿಯನ್ನು ಹಿಂದಿನಿಂದ ನೇರವಾಗಿ ತೂರಿಸಲು ದಾರಿಯಿಲ್ಲ. ಬಾಯಿಯಿಂದಲೇ ಕಡ್ಡಿ ಇಳಿಸಬೇಕು. ಗುಂಡು ಹೊರಬೀಳುವ ಕೊನೆಯ ಅಂಚು, ಅಂದರೆ ನಳಿಗೆಯ ಬಾಯಿಯ ಸುತ್ತು, ಕಡ್ಡಿಯ ಉಜ್ಜಾಟಕ್ಕೆ ಒಂದು ಕಡೆ ಸವೆದರೆ ಗುಂಡು ನೇರ ಬಿಟ್ಟು ವಾಲುತ್ತದೆ. ಎಷ್ಟೋ ಹಳೇ ರೈಫಲ್‌ಗಳ ಗುರಿ ಕೆಟ್ಟದ್ದು ಹಾರಿಸಿ ಹಾರಿಸಿ ಅಲ್ಲ, ಒರೆಸಿ ಒರೆಸಿ. ಹಿಂದಿನಿಂದ ತೆರೆಯುವ ಬೋಲ್ಟ್ ರೈಫಲ್ ಆದರೆ ಕಡ್ಡಿ ಹಿಂದಿನಿಂದಲೇ ಹೋಗಿ ಬಾಯಲ್ಲಿ ಹೊರಬರಬೇಕು. ಆಗದಿದ್ದರೆ ಹಗ್ಗದ ಪುಲ್‌ಥ್ರೂ ಇದೆ.

ಪುಲ್‌ಥ್ರೂ ಅಂದರೆ ಏನೆಂದು ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ತುದಿಗೆ ಹಿತ್ತಾಳೆಯ ತೂಕ, ಇನ್ನೊಂದು ತುದಿಗೆ ಬಟ್ಟೆ ಸಿಕ್ಕಿಸುವ ಕುಣಿಕೆ ಇರುವ ಗಟ್ಟಿ ಹುರಿ. ತೂಕವನ್ನು ಹಿಂದಿನಿಂದ ಇಳಿಬಿಟ್ಟು ಬಾಯಿಯಿಂದ ಒಂದೇ ಉಸಿರಿಗೆ ಎಳೆಯಬೇಕು. ಹುರಿ ಬಾಯಿಯ ಅಂಚಿಗೆ ಉಜ್ಜದಂತೆ ನೇರಕ್ಕೆ ಎಳೆಯಬೇಕು ಎಂದು ಉಸ್ತಾದರು ಕೂಗುವುದು ಇದೇ ಸವೆತದ ಭಯಕ್ಕೆ. ಬಟ್ಟೆಗೆ ಅವರ ಬಾಯಲ್ಲಿ 'ಚಿಂದಿ' ಎಂದೇ ಹೆಸರು. ಒರೆಸುವ ಚಿಂದಿಗಿಂತ ಎಣ್ಣೆ ಹಚ್ಚುವ ಚಿಂದಿ ಸ್ವಲ್ಪ ಕಿರಿದಾಗಿರಬೇಕು. ಇಲ್ಲವಾದರೆ ಎಣ್ಣೆಯೆಲ್ಲ ನಳಿಗೆಯ ಹಿಂದಿನ ತುದಿಯಲ್ಲೇ ಹಿಂಡಿಹೋಗಿ ಮುಂದಿನ ಭಾಗ ಒಣಗಿಯೇ ಉಳಿಯುತ್ತದೆ.

ಇಷ್ಟಕ್ಕೂ ತೆಗೆಯಬೇಕಾದ ಕೊಳೆ ಯಾವುದು? ಅದು ಒಂದಲ್ಲ. ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಲವಣಗಳಾಗಿ ಉಳಿಯುತ್ತದೆ, ಅದರಲ್ಲಿ ಒಂದಷ್ಟು ನಳಿಗೆಗೆ ಅಂಟುತ್ತದೆ. ಆ ಲವಣ ಗಾಳಿಯ ತೇವ ಹೀರಿ ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಹಿಡಿಸುತ್ತದೆ. ಹಳೇ ಮಿಲಿಟರಿ ತೋಟಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ಉಳಿಯುವ ಪೊಟ್ಯಾಸಿಯಂ ಕ್ಲೋರೈಡ್ ಅಡುಗೆ ಉಪ್ಪಿನ ಸೋದರ. ಉಪ್ಪು ಎಣ್ಣೆಯಲ್ಲಿ ಕರಗುತ್ತದೆಯೇ? ನೀರಿನಲ್ಲಿ ಕರಗುತ್ತದೆ. ಅದಕ್ಕೇ .303 ಹಿಡಿದ ಬ್ರಿಟಿಷ್ ಸೈನಿಕರು ನಳಿಗೆಗೆ ಕುದಿಯುವ ನೀರು ಹೊಯ್ಯುತ್ತಿದ್ದರು. ಬಿಸಿಗೆ ಉಪ್ಪು ಕರಗುತ್ತದೆ, ಕಾದ ಉಕ್ಕು ತಾನೇ ಒಣಗುತ್ತದೆ, ಆಮೇಲೆ ಎಣ್ಣೆ. ಉಪ್ಪಿನ ಮೇಲೆಯೇ ಎಣ್ಣೆ ಸವರುವುದು ಗಾಯ ತೊಳೆಯದೆ ಬಟ್ಟೆ ಕಟ್ಟಿದ ಹಾಗೆ.

ಈಗಿನ ತೋಟಗಳಲ್ಲಿ ಈ ಉಪ್ಪಿನ ಕಾಟ ಕಡಿಮೆ. ಮಸಿ, ಗುಂಡಿನಿಂದ ಕೆರೆದುಕೊಂಡ ತಾಮ್ರ ಅಥವಾ ಸೀಸ ಉಳಿಯುತ್ತವೆ. ಬಂದೂಕು ಒರೆಸಲೆಂದೇ ಮಾರುವ ದ್ರಾವಣದಲ್ಲಿ ಚಿಂದಿ ಅದ್ದಿ ಒಮ್ಮೆ ಎಳೆದು, ಕಾಲು ಗಂಟೆ ನೆನೆಯಲು ಬಿಟ್ಟು, ನಳಿಗೆಯ ಅಳತೆಗೆ ಸರಿಯಾದ ಕಂಚಿನ ಬ್ರಷ್ ಆಡಿಸಿ, ಒಣ ಚಿಂದಿ ಬೆಳ್ಳಗೆ ಬರುವ ತನಕ ಎಳೆದರೆ ಆಯಿತು. ಕೆಲಸ ಮುಗಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಲೇಬೇಕು, ಏಕೆಂದರೆ ಆ ಮಸಿಯಲ್ಲಿ ಸೀಸವಿದೆ. ಹಾಗಾಗಿ ಇದು ಅಡುಗೆಮನೆಯ ಕಟ್ಟೆಯ ಮೇಲಾಗಲಿ, ಮಕ್ಕಳು ಆಡುವ ಪಡಸಾಲೆಯಲ್ಲಾಗಲಿ ಮಾಡುವ ಕೆಲಸವಲ್ಲ. ಗಾಳಿಯಾಡುವ ಜಗುಲಿ ಒಳ್ಳೆಯದು. ಹತ್ತಿರದಲ್ಲಿ ಒಲೆಯಾಗಲಿ ಬೀಡಿಯಾಗಲಿ ಇರಬಾರದು.

ಇನ್ನು ಪ್ಲಾಸ್ಟಿಕ್ ಹಿಡಿಯ, ಅಂದರೆ ಬಟ್ಟಿನ, ವಿಷಯ. ನಮ್ಮ ಹಳ್ಳಿಗಳ ಬಂದೂಕುಗಳಿಗೆ ಬಹುಪಾಲು ಮರದ ಬಟ್ಟು. ಪ್ಲಾಸ್ಟಿಕ್ ಬಟ್ಟಿನವು ಎಲ್ಲೋ ಒಂದೊಂದು: ಹಿಂದೆ ವಿದೇಶದಿಂದ ಬಂದ .22ಗಳು, ಶೂಟಿಂಗ್ ಕ್ಲಬ್ಬಿನವರ ರೈಫಲ್‌ಗಳು. ಖಾಸಗಿ ಬಳಕೆಗೆ ವಿದೇಶಿ ಬಂದೂಕು ತರಿಸುವುದು 1980ರ ದಶಕದ ನಡುವಿನಲ್ಲೇ ಬಹುಮಟ್ಟಿಗೆ ನಿಂತದ್ದರಿಂದ ಆಗ ಬಂದದ್ದಕ್ಕೆ ಈಗ ನಲವತ್ತು ದಾಟಿದೆ. 'ಪ್ಲಾಸ್ಟಿಕ್' ಎಂದರೆ ಹೊಸದು ಎಂಬ ನಮ್ಮ ಭಾವನೆ ಇಲ್ಲಿ ನಿಲ್ಲುವುದಿಲ್ಲ.

ಅಮೆರಿಕದ ರೆಮಿಂಗ್ಟನ್ ಕಂಪನಿ 'ನೈಲಾನ್ 66' ಎಂಬ .22 ರೈಫಲ್ ಮಾರುಕಟ್ಟೆಗೆ ತಂದದ್ದು 1959ರಲ್ಲಿ. ಡುಪಾಂಟ್ ಕಂಪನಿಯ ನೈಲಾನಿನಲ್ಲಿ ಅಚ್ಚು ಹೊಯ್ದ ಬಟ್ಟು, ಒಳಗೆ ಓಡಾಡುವ ಭಾಗಗಳಿಗೂ ನೈಲಾನೇ ಹಾದಿ. ಎಣ್ಣೆಯೇ ಬೇಡ ಎನ್ನುವುದು ಅದರ ಜಾಹೀರಾತು. ಅದೇ ವರ್ಷ ಟಾಮ್ ಫ್ರೈ ಎಂಬ ಕಂಪನಿಯ ಗುರಿಕಾರ ಗಾಳಿಗೆ ಎಸೆದ 1,00,010 ಮರದ ತುಂಡುಗಳಲ್ಲಿ ಆರನ್ನು ಬಿಟ್ಟು ಉಳಿದೆಲ್ಲವನ್ನೂ ಹೊಡೆದು ಜಾಹೀರಾತಿಗೆ ಬಲ ಕೊಟ್ಟ. ಉತ್ಪಾದನೆ ನಿಲ್ಲುವ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿದ್ದವು. ಒರೆಸಲು ಕೂತವರು ಇದರಲ್ಲಿ ಒಂದನ್ನು ಮರೆಯಬಾರದು: ಇದರ ತೋಟಗಳು ಕೂರುವುದು ಬಟ್ಟಿನೊಳಗಿನ ಕೊಳವೆಯಲ್ಲಿ. ಹೊರಗಿನಿಂದ ನೋಡಿದರೆ ಮ್ಯಾಗಜಿನ್ನೇ ಇಲ್ಲ. ಕೊಳವೆಯನ್ನು ಹಿಂದಿನಿಂದ ಎಳೆದು ತೆಗೆದು, ಬಂದೂಕನ್ನು ವಾಲಿಸಿ ಅಲುಗಿಸಿ, ಒಳಗೆ ಸಿಕ್ಕಿಕೊಂಡ ಒಂದು ತೋಟವೂ ಇಲ್ಲವೆಂದು ತಿಳಿದ ಮೇಲೆಯೇ ಮುಂದಿನ ಮಾತು.

ಎಣ್ಣೆಯೇ ಬೇಡ ಎಂಬ ನಂಬಿಕೆಗೆ ತೆತ್ತ ಬೆಲೆ ಕಂಡದ್ದು ವಿಯೆಟ್ನಾಂನಲ್ಲಿ. 1960ರ ದಶಕದ ನಡುವಿನಲ್ಲಿ ಅಮೆರಿಕದ ಸೈನಿಕರ ಕೈಗೆ ಬಂದ ಎಂ-16, ಕರಿ ಬಣ್ಣದ ಗಾಜಿನ ನಾರಿನ ಬಟ್ಟಿನ ಹಗುರ ರೈಫಲ್. ಆಟದ ಸಾಮಾನಿನಂತಿದೆ ಎಂದು ಸೈನಿಕರೇ ನಗುತ್ತಿದ್ದರು. ಅದನ್ನು ಹೆಚ್ಚು ಒರೆಸಬೇಕಿಲ್ಲ ಎಂಬ ಸುದ್ದಿ ಹಬ್ಬಿತ್ತು, ಒರೆಸುವ ಸಾಮಾನೂ ಸಾಕಷ್ಟು ಕೊಟ್ಟಿರಲಿಲ್ಲ. ಜೊತೆಗೆ ತೋಟದ ಮದ್ದಿನ ಬಗೆ ಬದಲಾಗಿ ಮಸಿ ಹೆಚ್ಚಾಯಿತು. ತೋಟ ಕೂರುವ ಕೋಣೆಗೆ ಕ್ರೋಮ್ ಲೇಪವಿರಲಿಲ್ಲ. ಕಾಡಿನ ತೇವಕ್ಕೆ ಕೋಣೆ ತುಕ್ಕು ಹಿಡಿದು ಖಾಲಿ ತೋಟ ಹೊರಬರದೆ ಕಚ್ಚಿಕೊಂಡಿತು. ಕದನದ ನಡುವೆ ರೈಫಲ್ ನಿಂತುಹೋಗಿ ಸತ್ತವರ ಸುದ್ದಿ ಊರಿಗೆ ಮುಟ್ಟಿತು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೇ ತನಿಖೆ ನಡೆಸಿತು. ಆಮೇಲೆ ಕ್ರೋಮ್ ಬಂತು, ಒರೆಸುವ ಸಾಮಾನು ಬಂತು, ಚಿತ್ರಕಾರ ವಿಲ್ ಐಸ್ನರ್ ಬರೆದ ಕಾಮಿಕ್ಸ್ ರೂಪದ ಕೈಪಿಡಿಯೂ ಬಂತು. ಬಟ್ಟು ಪ್ಲಾಸ್ಟಿಕ್ಕಾದರೂ ನಳಿಗೆ ಉಕ್ಕಿನದೇ ಎಂದು ಕಲಿಸಲು ಅಷ್ಟೆಲ್ಲ ಬೇಕಾಯಿತು.

ನಮ್ಮಲ್ಲೂ ಪ್ಲಾಸ್ಟಿಕ್ ಪಾಠ ಹೇಳಿದ್ದಿದೆ. ಸೈನ್ಯದ 5.56 ಮಿ.ಮೀ. ಇನ್ಸಾಸ್ ರೈಫಲ್‌ನ ಪ್ಲಾಸ್ಟಿಕ್ ಮ್ಯಾಗಜಿನ್‌ಗಳು 1999ರ ಕಾರ್ಗಿಲ್ ಯುದ್ಧದಲ್ಲಿ ಹಿಮದ ಚಳಿಗೆ ಬಿರುಕು ಬಿಟ್ಟ ದೂರುಗಳು ಬಂದವು. ಹಾಗಂತ ಪ್ಲಾಸ್ಟಿಕ್ ಎಂದರೆ ಅಗ್ಗದ ಬಕೆಟ್ಟೆಂದೂ ತಿಳಿಯಬೇಕಾಗಿಲ್ಲ. ರಾಳದಲ್ಲಿ ನಾರು ಸೇರಿಸಿ ಗಟ್ಟಿಗೊಳಿಸುವ ಇದೇ ಉಪಾಯದಿಂದ ಹೆಲಿಕಾಪ್ಟರಿನ ರೆಕ್ಕೆಗಳನ್ನೂ ಮಾಡುತ್ತಾರೆ. ಅದೂ ದೂರದ ಮಾತಲ್ಲ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ.

ಮರದ ಬಟ್ಟು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ನಳಿಗೆಯನ್ನು ಒಂದು ಮಗ್ಗುಲಿಗೆ ಒತ್ತುತ್ತದೆ. ಪ್ಲಾಸ್ಟಿಕ್ ಹಾಗೆ ಮಾಡುವುದಿಲ್ಲ. ಅದರ ಕುತಂತ್ರ ಬೇರೆ: ತಾನು ಮರದಷ್ಟು ನೀರು ಕುಡಿಯುವುದಿಲ್ಲ, ಆದರೆ ಒಳಗೆ ಬಿಟ್ಟುಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟೋ ಪ್ಲಾಸ್ಟಿಕ್ ಬಟ್ಟುಗಳು ಒಳಗೆ ಟೊಳ್ಳು. ಮಳೆಯಲ್ಲಿ ನೆನೆದ ರೈಫಲ್ಲನ್ನು ಮೇಲೆ ಮೇಲೆ ಒರೆಸಿಟ್ಟರೆ ಹೊರಮೈ ಹೊಸದರಂತೆ ಹೊಳೆಯುತ್ತಿರುತ್ತದೆ. ನಳಿಗೆಯ ಅಡಿಮಗ್ಗುಲು, ಬಟ್ಟಿನ ತೊಟ್ಟಿಲಲ್ಲಿ ಕೂತ ಭಾಗ, ಯಾರಿಗೂ ಕಾಣದೆ ಕೆಂಪಾಗುತ್ತಿರುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಮ್ಮೊಮ್ಮೆ ನೀರಿನ ಸದ್ದೂ ಕೇಳುತ್ತದೆ. (ಖಾಲಿ ಮಾಡಿದ ಮೇಲೆ ಎಂದು ಮತ್ತೆ ಹೇಳಬೇಕೆ? ಹೇಳಬೇಕು.)

ಹಾಗಾಗಿ ವರ್ಷಕ್ಕೊಮ್ಮೆಯಾದರೂ ಬಟ್ಟಿನಿಂದ ಉಕ್ಕನ್ನು ಬಿಡಿಸಬೇಕು. ಸಾಮಾನ್ಯ ಬೋಲ್ಟ್ ರೈಫಲ್ಲಿನಲ್ಲಿ ಕೆಳಗಿನಿಂದ ಎರಡು ಮೂರು ತಿರುಪು ಬಿಚ್ಚಿದರೆ ಸಾಕು. ಅಳತೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು, ಸೈಕಲ್ ಅಂಗಡಿಯದ್ದು ಹಾಕಿದರೆ ತಿರುಪಿನ ಗೀರು ಹರಿದುಹೋಗುತ್ತದೆ. ಟ್ರಿಗರ್ ಪೆಟ್ಟಿಗೆಗೆ ಕೈ ಹಾಕಬಾರದು, ಅದು ಕಸುಬುದಾರನ ಕೆಲಸ. ಬಟ್ಟನ್ನು ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಮೂಲೆಗಳಿಗೆ ಹಳೇ ಹಲ್ಲುಜ್ಜುವ ಬ್ರಷ್ ಆಡಿಸಿ, ನೆರಳಲ್ಲಿ ಚೆನ್ನಾಗಿ ಒಣಗಿಸಿದರೆ ಮುಗಿಯಿತು. ಪೇಂಟ್ ಥಿನ್ನರ್, ಅಸಿಟೋನ್, ಪೆಟ್ರೋಲ್ ಯಾವುದೂ ಬೇಡ: ನೈಲಾನ್ ತಡೆದೀತು, ಬೇರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಹಿಂದಿನ ರಬ್ಬರ್ ಪಟ್ಟಿ ಜಿಗುಟಾಗುತ್ತದೆ. ಸೊಳ್ಳೆಗೆಂದು ಮೈಗೆ ಹಚ್ಚುವ ಕೆಲವು ಕ್ರೀಮುಗಳಲ್ಲಿರುವ ಡೀಟ್ ಎಂಬ ರಾಸಾಯನಿಕಕ್ಕೂ ಪ್ಲಾಸ್ಟಿಕ್ ತಿನ್ನುವ ಚಾಳಿ ಇದೆ. ರಾತ್ರಿ ಹೊಲ ಕಾಯುವವರು ಅದೇ ಕೈಯಲ್ಲಿ ಬಂದೂಕು ಹಿಡಿದರೆ ಬಟ್ಟಿನ ಮೇಲೆ ಬೆರಳಚ್ಚು ಉಳಿದರೂ ಉಳಿಯಬಹುದು. ಹಿಡಿಯ ಕುತ್ತಿಗೆಯಲ್ಲಿ, ತಿರುಪಿನ ತೂತುಗಳ ಸುತ್ತ ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ಅದು ಕೊಳೆಯಲ್ಲ, ಬಿರುಕಿನ ಶುರು. ಅಂಥದ್ದನ್ನು ಹಾರಿಸದೆ ರಿಪೇರಿಗೆ ಕೊಡಬೇಕು, ಫೆವಿಕ್ವಿಕ್ಕಿನಿಂದ ಆಗುವ ಕೆಲಸವಲ್ಲ.

ಮತ್ತೆ ಜೋಡಿಸುವಾಗ ತಿರುಪನ್ನು ಬಲ ಹಾಕಿ ಹಿಂಡಬಾರದು. ನಳಿಗೆ ಬಟ್ಟನ್ನು ಮುಟ್ಟದಂತೆ ಮಾಡಿರುವ ರೈಫಲ್ಲಾದರೆ ಒಂದು ಸುಲಭ ಪರೀಕ್ಷೆ ಇದೆ. ಬಸ್ ಟಿಕೆಟ್ಟಿನಷ್ಟು ತೆಳ್ಳಗಿನ ಕಾಗದವನ್ನು ನಳಿಗೆಗೂ ಬಟ್ಟಿಗೂ ನಡುವೆ ತೂರಿಸಿ ಹಿಂದಕ್ಕೆ ಎಳೆದುಕೊಂಡು ಹೋಗಬೇಕು. ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ ಸರಿಯಾಗಿ ಕೂತಿದೆ.

ಯಾವ ಎಣ್ಣೆ ಎಂಬ ಪ್ರಶ್ನೆ ತೆಂಗಿನ ಸೀಮೆಯಲ್ಲಿ ಬಂದೇ ಬರುತ್ತದೆ. ತುಮಕೂರು ಜಿಲ್ಲೆಯ ಮನೆಯಲ್ಲಿ ಮೊದಲು ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಬಾಗಿಲ ಕೀಲಿಗೂ ಅದೇ, ತಲೆಗೂ ಅದೇ. ಬಂದೂಕಿಗೆ ಮಾತ್ರ ಅದು ಆಗಿಬರುವುದಿಲ್ಲ. 24 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಅದು ಗಟ್ಟಿಯಾಗತೊಡಗುತ್ತದೆ, ಮಾಗಿಯಲ್ಲಿ ಬಾಟಲಿಯನ್ನು ಬಿಸಿಲಿಗಿಡುವವರಿಗೆ ಇದು ಗೊತ್ತಿರುವ ಸಂಗತಿಯೇ. ಬೋಲ್ಟಿನೊಳಗೆ ಹೀಗೆ ಗಟ್ಟಿಯಾದರೆ ಕೇಪಿಗೆ ಹೊಡೆಯುವ ಮೊಳೆ ನಿಧಾನವಾಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಕಮಟು ಹಿಡಿದು ಅಂಟಾಗುತ್ತದೆ. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆ, ಆದರೆ ಆರಿಹೋದ ಮೇಲೆ ಉಕ್ಕಿಗೆ ರಕ್ಷಣೆ ಉಳಿಯುವುದಿಲ್ಲ. ಹೊಲಿಗೆ ಯಂತ್ರಕ್ಕೆ ಬಿಡುವಂಥ ತಿಳಿಯಾದ ಖನಿಜ ತೈಲ ಅಥವಾ ಬಂದೂಕಿನ ಎಣ್ಣೆ, ಅದೂ ಬೆರಳಿಗೆ ತಾಗಿಯೂ ತಾಗದಷ್ಟು.

ಆಯುಧ ಪೂಜೆಯ ಸಂಭ್ರಮಕ್ಕೂ ಸ್ವಲ್ಪ ಲೆಕ್ಕ ಬೇಕು. ನೀರಿನಲ್ಲಿ ಕಲಸಿದ ವಿಭೂತಿ, ಗಂಧ, ಹಿಂಡಿದ ನಿಂಬೆಯ ಹುಳಿ ಉಕ್ಕಿನ ಮೇಲೆ ಎರಡು ದಿನ ಕೂತರೆ ಪಟ್ಟೆಯ ಆಕಾರದಲ್ಲೇ ತುಕ್ಕು ಬರುತ್ತದೆ. ಬೊಟ್ಟನ್ನು ಬಟ್ಟಿನ ಮೇಲಿಟ್ಟರೆ ದೇವರೂ ಬೇಡ ಅನ್ನುವುದಿಲ್ಲ, ಪ್ಲಾಸ್ಟಿಕ್ಕಾದರೆ ಇನ್ನೂ ಒಳ್ಳೆಯದೇ. ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಒರೆಸಿ ಸಾಲಾಗಿಟ್ಟು, ಕೆಂಪು ಹಳದಿಯ ತೋಕ್ ಪೂವನ್ನು ನಳಿಗೆಯ ಬಾಯಿಗೇ ಸಿಕ್ಕಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಕೊಡವರಿಗೆ 1861ರಿಂದ ಬಂದ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.

ತುಮಕೂರಿನವರಿಗೆ ಆ ವಿನಾಯಿತಿ ಇಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸಿನ ಅವಧಿ ಐದು ವರ್ಷ. ಮದುವೆ, ಜಾತ್ರೆಯಲ್ಲಿ ಸಂಭ್ರಮಕ್ಕೆ ಹಾರಿಸುವುದು ಜೈಲಿಗೆ ದಾರಿ. ಒರೆಸಿಕೊಡು ಎಂದು ಲೈಸೆನ್ಸಿಲ್ಲದ ಪಕ್ಕದ ಮನೆಯವನ ಕೈಗೆ ಒಪ್ಪಿಸಿ ಪೇಟೆಗೆ ಹೋಗುವಂತಿಲ್ಲ, ಕಮ್ಮಾರನ ಕುಲುಮೆಗೂ ಒಯ್ಯುವಂತಿಲ್ಲ.

ಎಲ್ಲ ಮುಗಿದ ಮೇಲೆ ಚರ್ಮದ ಚೀಲದಲ್ಲೋ ಪ್ಲಾಸ್ಟಿಕ್ ಕವರಿನಲ್ಲೋ ಸುತ್ತಿಡುವ ಅಭ್ಯಾಸ ಹಲವರಿಗಿದೆ. ಎರಡೂ ತೇವ ಹಿಡಿದಿಡುತ್ತವೆ. ಒಣ ಬೀರುವಿನಲ್ಲಿ, ಬೀಗ ಹಾಕಿ, ತೋಟಗಳನ್ನು ಬೇರೆ ಬೀಗದಡಿ ಇಟ್ಟರೆ ಕುಂಬಾರ ಹುಳುವಿಗೂ ದಾರಿಯಿಲ್ಲ, ಮಕ್ಕಳಿಗೂ ಇಲ್ಲ. ಒರೆಸಿದ ದಿನದ ರಾತ್ರಿ ಬಾಯಿ ಕೆಳಗಾಗಿ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಬಟ್ಟಿನೊಳಗೆ, ಟ್ರಿಗರಿನೊಳಗೆ ಇಳಿಯದೆ ಹೊರಗೆ ಬರುತ್ತದೆ. ಕೆಳಗೆ ಹಳೇ ಪೇಪರ್ ಮಡಚಿ ಹಾಸಿರಬೇಕು. ಬೆಳಿಗ್ಗೆ ಆ ಪೇಪರಿನ ಮೇಲೆ ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಕಲೆ ಕಂಡರೆ ಹಚ್ಚಿದ್ದು ಹೆಚ್ಚಾಯಿತು ಎಂದು ಲೆಕ್ಕ. ಇನ್ನೊಂದು ಒಣ ಚಿಂದಿ ಎಳೆಯಬೇಕು.